ಗಡ್ಡಪ್ಪನಿಗೊಂದು ಬಿಸಿಲಿನ ಮನೆ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಪರದೇಶಕ್ಕೆ ಹೋಗಿ ಬಂದ ತಾಯಂದಿರು ಈಗ ನಮ್ಮ ಸಣ್ಣ ಊರುಗಳಲ್ಲೂ ಬೀದಿಗೊಬ್ಬರು ಸಿಗುತ್ತಾರೆ. ಅಲ್ಲಿ ಚಳಿ ಹೇಗೆ, ತೆಂಗಿನಕಾಯಿ ಸಿಗುತ್ತದೆಯೇ, ಪಾತ್ರೆ ತೊಳೆಯುವವರು ಯಾರು ಎಂದು ನೀವು ಕೇಳುತ್ತೀರಿ, ಅವರು ಹೇಳುತ್ತಾರೆ. ಆದರೆ "ಐದು ತಿಂಗಳು ಒಂದು ಓತಿಕ್ಯಾತದ ಆರೈಕೆ ಮಾಡಿ ಬಂದೆ" ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಇಲ್ಲ ತಾನೇ? ಹಾಗಾದರೆ ನಾನು ಹೇಳುತ್ತೇನೆ, ಕೇಳಿ. ನಗಬೇಡಿ. ಇದರಲ್ಲಿ ನಾನು ಕಲಿತ ಪಾಠವೂ ಒಂದಿದೆ, ಮಾಡಿದ ತಪ್ಪೂ ಒಂದಿದೆ.

ಮೊದಲ ಭೇಟಿ

2023ರ ಏಪ್ರಿಲ್‌ನಲ್ಲಿ ತಿಪಟೂರಿನಿಂದ ಹೊರಟು ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ಮಗಳ ಮನೆ ಸೇರಿದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಿದ್ದೇ ತಡ, ಹತ್ತು ವರ್ಷದ ಮೊಮ್ಮಗ ಕೈ ಹಿಡಿದು ಎಳೆದುಕೊಂಡು ಹೋಗಿ, "ಅಜ್ಜಿ, ಕಣ್ಣು ಮುಚ್ಕೋ" ಎಂದ. ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಎದುರಿಗೆ ಒಂದು ಗಾಜಿನ ತೊಟ್ಟಿ. ಅದರಲ್ಲಿ ಕೆಂಪು ಮರಳು. ಮರಳಿನ ಮೇಲೆ ಗೇಣಿಗಿಂತ ಉದ್ದದ, ಮೈಯೆಲ್ಲ ಮುಳ್ಳುಮುಳ್ಳಾದ, ಮಣ್ಣು ಬಣ್ಣದ ಒಂದು ಪ್ರಾಣಿ ನನ್ನನ್ನೇ ನೋಡುತ್ತಾ ಕೂತಿದೆ!

"ಅಯ್ಯೋ ಶಿವನೇ, ಓತಿಕ್ಯಾತ!" ಎಂದು ನಾನು ಕೂಗಿದ ಕೂಗಿಗೆ ಅಡುಗೆಮನೆಯಿಂದ ಮಗಳು ಓಡಿ ಬಂದಳು. ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗ ತೆಗೆದು ಫಲ ನೋಡುವ ಮನೆತನ ನಮ್ಮದು. ಅಂಥಾದ್ದರಲ್ಲಿ ಮಲಗುವ ಕೋಣೆಯಲ್ಲೇ ಓತಿಕ್ಯಾತವೇ?

"ಕಚ್ಚಲ್ಲ ಅಜ್ಜಿ. ಇದು ಬಿಯರ್ಡೆಡ್ ಡ್ರ್ಯಾಗನ್. ಗಡ್ಡ ಇದೆ ನೋಡು" ಎಂದ ಮೊಮ್ಮಗ. ಸಿಟ್ಟು ಬಂದಾಗ, ಹೆದರಿದಾಗ ಅದು ಗಂಟಲ ಕೆಳಗಿನ ಚರ್ಮವನ್ನು ಉಬ್ಬಿಸುತ್ತದೆ. ಆ ಭಾಗ ಕಪ್ಪಗಾಗಿ ಥೇಟ್ ಗಡ್ಡದಂತೆಯೇ ಕಾಣುತ್ತದೆ. ಅವನಿಟ್ಟಿದ್ದ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನಾನು "ಗಡ್ಡಪ್ಪ" ಎಂದೆ. ಅದೇ ಹೆಸರು ನಿಂತಿತು.

"ಅಜ್ಜಿ, ಅದು ಕೈ ಬೀಸಿ ನಮಸ್ಕಾರನೂ ಮಾಡುತ್ತೆ" ಎಂದು ಹೇಳಿಕೊಟ್ಟ. ಮರಿಗಳು ದೊಡ್ಡದಕ್ಕೆ ತಗ್ಗಿ ನಡೆಯುತ್ತೇನೆ ಎಂದು ತೋರಿಸಲು ಒಂದು ಮುಂಗಾಲನ್ನು ಎತ್ತಿ ನಿಧಾನವಾಗಿ ಸುತ್ತಿಸುವುದು ನಿಜವಂತೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೇಲಿ ಗೂಟದ ಮೇಲೆ ಕಂಡದ್ದು

ಈ ಪ್ರಾಣಿಯ ತವರು ಆಸ್ಟ್ರೇಲಿಯಾದ ಒಳನಾಡು. ಮಳೆ ಕಡಿಮೆ, ಬಿಸಿಲು ಜೋರು, ಕುರುಚಲು ಕಾಡು, ಕೆಂಪು ಮಣ್ಣು. ಬಾಲ ಸೇರಿ ಒಂದೂವರೆ ಅಡಿಯಿಂದ ಎರಡು ಅಡಿವರೆಗೆ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ 8ರಿಂದ 12 ವರ್ಷ ಬದುಕುತ್ತದೆ. ನಮ್ಮ ಓತಿಕ್ಯಾತವೂ ಇದೂ ಒಂದೇ ಕುಟುಂಬಕ್ಕೆ ಸೇರಿದವು. ನಾನು ಮೊದಲ ನೋಟಕ್ಕೆ ಕೂಗಿದ್ದು ಪೂರ್ತಿ ತಪ್ಪಲ್ಲ, ನೋಡಿ!

ಆ ದೇಶದಲ್ಲಿ ಇದನ್ನು ಯಾರು ಬೇಕಾದರೂ ಹಿಡಿದು ತಂದು ಸಾಕುವ ಹಾಗಿಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸರ್ಕಾರದ ಪರವಾನಗಿ ಬೇಕು. ಕಾಡಿನಿಂದ ತಂದದ್ದಾಗಿರಬಾರದು, ಪರವಾನಗಿ ಇರುವವರ ಬಳಿ ಹುಟ್ಟಿದ್ದೇ ಆಗಿರಬೇಕು. ನಮ್ಮ ಗಡ್ಡಪ್ಪನ ಪರವಾನಗಿ ಅಳಿಯಂದಿರ ಹೆಸರಿನಲ್ಲಿತ್ತು.

ಒಂದು ದಿನ ಬೆಳಿಗ್ಗೆ ವಾಕಿಂಗ್ ಹೋದಾಗ ಅದೇ ಜಾತಿಯ ಇನ್ನೊಂದು ಬಗೆಯ ಪ್ರಾಣಿಯನ್ನು ಬಯಲಲ್ಲೇ ಕಂಡೆ. ಸಿಡ್ನಿಯ ಸುತ್ತಮುತ್ತ ಅವು ಈಗಲೂ ಇವೆ. ಬೇಲಿಯ ಮರದ ಗೂಟಕ್ಕೆ ಅವಚಿಕೊಂಡು, ಮೈಯನ್ನು ಚಪ್ಪಟೆ ಮಾಡಿಕೊಂಡು ಬಿಸಿಲು ಕಾಯುತ್ತಿತ್ತು. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಎನ್ನುವ ನಮ್ಮ ಗಾದೆ ನೆನಪಾಗಿ ನಗು ಬಂತು. ಸ್ವಲ್ಪ ಹೊತ್ತಿಗೆ ಬಿಸಿಲು ಸಾಕೆನಿಸಿತೋ ಏನೋ, ಸರಸರನೆ ಇಳಿದು ಪೊದೆಯ ನೆರಳು ಸೇರಿತು. ಅಷ್ಟೇ. ಆಗ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನಮಸ್ಕಾರವಲ್ಲ, ನಡುಕ

ಮೇ ತಿಂಗಳು ಬಂತು. ನಮಗೆ ಸುಡು ಬೇಸಿಗೆಯಾದರೆ ಅಲ್ಲಿ ಚಳಿ ಶುರು. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಗಡ್ಡಪ್ಪ. ಮಾತಾಡಲು ಬೇರೆ ಜೀವ ಇಲ್ಲ. ಸೊಪ್ಪು ಸೋಸುತ್ತಾ ಅವನ ತೊಟ್ಟಿಯ ಪಕ್ಕದಲ್ಲೇ ಕೂರುವುದು ಅಭ್ಯಾಸವಾಯಿತು. ಆಗಾಗ ಅವನ ಮುಂಗಾಲು ಅಲುಗುತ್ತಿತ್ತು. "ನಮಸ್ಕಾರಪ್ಪಾ, ನಮಸ್ಕಾರ" ಎಂದು ನಾನೂ ಕೈ ಮುಗಿಯುತ್ತಿದ್ದೆ. ಸಂಜೆ ಮೊಮ್ಮಗನಿಗೆ, "ಇವತ್ತು ನಿನ್ನ ಗಡ್ಡಪ್ಪ ನನಗೆ ಹತ್ತು ಸಲ ನಮಸ್ಕಾರ ಮಾಡಿದ" ಎಂದು ಹೇಳಿದರೆ ಅವನಿಗೆ ಖುಷಿಯೋ ಖುಷಿ.

ದಿನ ಕಳೆದಂತೆ ಊಟ ಕಡಿಮೆಯಾಯಿತು. ಸದಾ ಮಲಗಿಕೊಂಡೇ ಇರುತ್ತಿದ್ದ. ಮಗಳನ್ನು ಕೇಳಿದರೆ, "ಚಳಿಗಾಲ ಅಲ್ವೇನಮ್ಮಾ, ಇವು ಚಳೀಲಿ ನಿದ್ದೆ ಹೊಡೀತವೆ" ಎಂದಳು. ಅದೂ ಸುಳ್ಳಲ್ಲ. ಬೆಳೆದ ಪ್ರಾಣಿಗಳು ಚಳಿಗಾಲದಲ್ಲಿ ವಾರಗಟ್ಟಲೆ ಮಂಕಾಗಿ ಬಿದ್ದಿರುವುದುಂಟು. ಆದರೆ ಗಡ್ಡಪ್ಪ ಇನ್ನೂ ಎಂಟು ತಿಂಗಳ ಮರಿ.

ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಹುಳು ಹಾಕಿದೆ. ಹಿಡಿಯಲು ಮುಂದೆ ಬಂದ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೊಟ್ಟೆ ನೆಲಕ್ಕೆ ತಾಗಿತು. ಎದ್ದು ನಿಲ್ಲಲಾಗದೆ ತೆವಳಿದ. ಹುಳುವನ್ನು ಬಾಯಲ್ಲಿ ಹಿಡಿದರೂ ಅಗಿಯಲಾಗದೆ ಬಿಟ್ಟುಬಿಟ್ಟ. ಆಮೇಲೆ ಎರಡೂ ಕೈಗಳ ಬೆರಳುಗಳು ಪಟಪಟನೆ ನಡುಗಿದವು. ನನ್ನ ಎದೆ ಧಸಕ್ಕೆಂದಿತು. ನಾನು ಇಷ್ಟು ದಿನ ನಮಸ್ಕಾರವೆಂದು ನಕ್ಕದ್ದು ನಮಸ್ಕಾರವಾಗಿರಲಿಲ್ಲ, ನಡುಕವಾಗಿತ್ತು!

ನಾಲ್ಕು ಮಕ್ಕಳ ಜ್ವರ, ಕೆಮ್ಮು, ದಡಾರ ಎಲ್ಲ ನೋಡಿದವಳು ನಾನು. ಮಗುವಿನ ಅಳುವಿನಲ್ಲೇ ಹೊಟ್ಟೆನೋವೋ ಕಿವಿನೋವೋ ಹೇಳುತ್ತಿದ್ದೆ. ಅಂಥವಳು ದಿನವಿಡೀ ಎದುರಿಗೆ ಕೂತಿದ್ದೂ ತಿಳಿಯದೆ ಹೋದೆನಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಾಕ್ಟರ್ ಹೇಳಿದ್ದು

ಎಲ್ಲ ಪಶುವೈದ್ಯರೂ ಇಂಥ ಪ್ರಾಣಿ ನೋಡುವುದಿಲ್ಲ. ಹುಡುಕಿ, ಹಾವು ಆಮೆ ಹಲ್ಲಿ ಜಾತಿಯನ್ನು ಬಲ್ಲ ಒಬ್ಬ ಡಾಕ್ಟರ್ ಬಳಿ ಕರೆದೊಯ್ದೆವು. ಆಕೆ ದವಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರು. ಗಟ್ಟಿಯಾಗಿರಬೇಕಾದ ಮೂಳೆ ಮೆತ್ತಗಿತ್ತು. ಎಕ್ಸ್‌ರೇ ತೆಗೆದರು. ಮೂಳೆಗಳು ತೆಳುವಾಗಿ ಮಸುಕಾಗಿ ಕಂಡವು, ಬಾಲದ ತುದಿ ಬಾಗಿತ್ತು.

ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮೈಗೆ ಹತ್ತದೆ ಮೂಳೆ ಸವೆಯುವ ಕಾಯಿಲೆ ಅದು. ನಮ್ಮ ಮಕ್ಕಳಿಗೆ ಬರುವ ರಿಕೆಟ್ಸ್ ಇದೆಯಲ್ಲ, ಕಾಲು ಸೊಟ್ಟಗಾಗುವುದು, ಅದರ ಅಕ್ಕನೋ ತಂಗಿಯೋ ಎನ್ನಿ. ನಾವು ಎಳೆಗೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುತ್ತೇವಲ್ಲ, ಏಕೆ? ಬಿಸಿಲು ಚರ್ಮಕ್ಕೆ ಬಿದ್ದರೆ ಮೈಯಲ್ಲಿ ಡಿ ಜೀವಸತ್ವ ತಯಾರಾಗುತ್ತದೆ. ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೂಳೆ ಸೇರುತ್ತದೆ. ಈ ಪ್ರಾಣಿಗೂ ಅದೇ ಲೆಕ್ಕ. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಒಂದು ಕಿರಣ, ಯುವಿಬಿ ಎನ್ನುತ್ತಾರೆ, ಅದು ಮೈಮೇಲೆ ಬೀಳಲೇಬೇಕು.

"ಆದ್ರೆ ನಾವು ಆ ಲ್ಯಾಂಪ್ ಹಾಕಿದ್ದೀವಲ್ಲಾ" ಎಂದು ಮೊಮ್ಮಗ ಅಳುಮುಖ ಮಾಡಿದ.

ಡಾಕ್ಟರ್ ಒಂದೊಂದಾಗಿ ಕೇಳಿದರು. ದೀಪ ಎಷ್ಟು ಹಳೆಯದು? ತೊಟ್ಟಿಯ ಜೊತೆಗೇ ಸ್ನೇಹಿತರೊಬ್ಬರು ಕೊಟ್ಟದ್ದು, ಎರಡು ವರ್ಷವಾಗಿರಬಹುದು. ಎಲ್ಲಿ ಇಟ್ಟಿದ್ದೀರಿ? ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ. ಅಲ್ಲಿಗೆ ಮುಗಿಯಿತು. ಆ ಕಿರಣ ಗಾಜನ್ನು ದಾಟುವುದಿಲ್ಲ. ಕಿಟಕಿಯ ಗಾಜಿನಿಂದ ಬರುವ ಬಿಸಿಲಿಗೆ ಇಟ್ಟರೂ ಅಷ್ಟೇ, ಶಾಖ ಬರುತ್ತದೆ, ಸತ್ವ ಬರುವುದಿಲ್ಲ. ಇನ್ನು ದೀಪ ಹಳತಾದರೆ ಬೆಳಕೇನೋ ಚೆನ್ನಾಗಿಯೇ ಇರುತ್ತದೆ, ಆ ಕಿರಣ ಮಾತ್ರ ಇಳಿದುಹೋಗಿರುತ್ತದೆ. ಉರಿಯುತ್ತಿದೆ, ಆದರೆ ಕೆಲಸ ಮಾಡುತ್ತಿಲ್ಲ!

ಮರಿ ಕೊಟ್ಟವರು ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೇ ಕೊಟ್ಟಿದ್ದರು. ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಯಾರೂ ಪೂರ್ತಿ ಓದಿರಲಿಲ್ಲ, ನಾನೂ ಸೇರಿ. ಹಾಲು ತೆಗೆಯುವಾಗ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತಿದ್ದ ಹಾಳೆ ಅದು.

ಬಾಯಿಗೆ ಹನಿ ಹನಿಯಾಗಿ ಹಾಕುವ ಕ್ಯಾಲ್ಸಿಯಂ ಔಷಧಿ ಕೊಟ್ಟರು. "ಔಷಧಿ ಅರ್ಧ ಕೆಲಸ ಮಾಡುತ್ತದೆ, ಇನ್ನರ್ಧ ಅದರ ಮನೆ ಮಾಡಬೇಕು. ಈ ತೊಟ್ಟಿ ಮೀನಿಗೆ ಸರಿ, ಇದಕ್ಕಲ್ಲ" ಎಂದರು. ಬರುವಾಗ ಕಾರಿನಲ್ಲಿ ಹುಡುಗ, "ನಾನೇ ಅದನ್ನ ಹಾಳು ಮಾಡ್ದೆ ಅಲ್ವಾ ಅಜ್ಜಿ?" ಎಂದ. "ನೀನೊಬ್ಬನೇ ಅಲ್ಲ ಕಂದಾ, ನಾವೆಲ್ಲ ಸೇರಿ ಮಾಡಿದ್ದು. ನಾವೆಲ್ಲ ಸೇರಿಯೇ ಸರಿ ಮಾಡೋಣ" ಎಂದೆ. ಮನೆಗೆ ಬಂದವಳೇ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ತಿಳಿಯದ್ದನ್ನು ಮೊಮ್ಮಗನಿಂದ ಕೇಳಿದೆ.

ಮನೆ ಕಟ್ಟಿ ನೋಡು

ಅಳಿಯಂದಿರು ಟಿ.ವಿ. ಇಡುವ ಹಳೆಯ ಮರದ ಬೀರುವೊಂದನ್ನು ತಂದರು. ಎರಡು ಶನಿವಾರ ಭಾನುವಾರ ಎಲ್ಲರೂ ಕೂತು ಅದನ್ನೇ ಮನೆ ಮಾಡಿದೆವು. ನಮಗೆ ಬೇಕಾದ ಸಾಮಾನು ಇಷ್ಟು:

4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಮರದ ಪೆಟ್ಟಿಗೆ. ಮುಂದೆ ಸರಿಸುವ ಗಾಜಿನ ಬಾಗಿಲು
ಶಾಖದ ದೀಪ 1, ಅದು ಕಚ್ಚಿಕೊಳ್ಳುವ ಪಿಂಗಾಣಿಯ ಹೋಲ್ಡರ್, ಸುತ್ತ ತಂತಿ ಜಾಲರಿ
ಯುವಿಬಿ ಕೊಳವೆ ದೀಪ 1
ಶಾಖ ಹೆಚ್ಚದಂತೆ ತಡೆಯುವ ಥರ್ಮೋಸ್ಟಾಟ್ 1, ದೀಪ ಹೊತ್ತಿಸಿ ಆರಿಸುವ ಟೈಮರ್ 1
ಉಷ್ಣತೆ ಅಳೆಯುವ ಥರ್ಮಾಮೀಟರ್ 2
ನೆಲಕ್ಕೆ ಒರಟು ಟೈಲ್ಸ್
ದಪ್ಪ ಕೊಂಬೆ, ಚಪ್ಪಟೆ ಕಲ್ಲು, ಅಡಗಲು ಒಂದು ಗೂಡು, ತಗ್ಗಾದ ನೀರಿನ ಬಟ್ಟಲು

ಅಳತೆ: ಹಳೆಯ ತೊಟ್ಟಿ ಎರಡೇ ಅಡಿ ಉದ್ದವಿತ್ತು. ಬೆಳೆದ ಪ್ರಾಣಿಗೆ 4 ಅಡಿಗಿಂತ ಕಡಿಮೆ ಆಗುವುದಿಲ್ಲ. ಮರಿ ವರ್ಷದೊಳಗೇ ಹೆಚ್ಚುಕಡಿಮೆ ಪೂರ್ತಿ ಬೆಳೆದುಬಿಡುತ್ತದೆ. ಮಕ್ಕಳಿಗೆ ಅಂಗಿ ಹೊಲಿಸುವಾಗ ನಾವು ಬೆಳೆಯುವ ಮೈ ಎಂದು ಸ್ವಲ್ಪ ದೊಡ್ಡದೇ ಹೊಲಿಸುತ್ತೇವಲ್ಲ, ಹಾಗೆ. ಒಂದು ಮನೆಗೆ ಒಂದೇ ಪ್ರಾಣಿ. ಜೊತೆಗಿರಲಿ ಎಂದು ಇನ್ನೊಂದನ್ನು ತಂದು ಬಿಟ್ಟರೆ ಕಚ್ಚಾಡಿ ಬೆರಳು, ಬಾಲ ಕಳೆದುಕೊಳ್ಳುತ್ತವೆ.

ಗಾಳಿ: ತಣ್ಣನೆಯ ಕಡೆ ಕೆಳಗೆ, ಬಿಸಿಯ ಕಡೆ ಮೇಲೆ ಗಾಳಿಗಂಡಿ ಕೊರೆದು ಜಾಲರಿ ಹೊಡೆದೆವು. ತಣ್ಣನೆ ಗಾಳಿ ಕೆಳಗಿನಿಂದ ಬಂದು ಬಿಸಿಯಾಗಿ ಮೇಲಿನಿಂದ ಹೊರಗೆ ಹೋಗುತ್ತದೆ. ನಮ್ಮ ಹಳೇ ಅಡುಗೆಮನೆಯ ಗವಾಕ್ಷಿಯ ಲೆಕ್ಕವೇ! ಒಣ ನಾಡಿನ ಪ್ರಾಣಿಗೆ ತೇವ ಆಗದು. ಮರಕ್ಕೆ ಬಳಿದ ಬಣ್ಣದ ವಾಸನೆ ಪೂರ್ತಿ ಹೋಗುವ ತನಕ ಪ್ರಾಣಿಯನ್ನು ಒಳಗೆ ಬಿಡಬಾರದು. ನಾವು ಬಾಗಿಲು ತೆಗೆದಿಟ್ಟು ಒಂದು ವಾರ ಒಣಗಿಸಿದೆವು.

ಬಿಸಿಲು ಮತ್ತು ನೆರಳು: ಇದೇ ಮುಖ್ಯ, ಗಮನವಿಟ್ಟು ಓದಿ. ನಮ್ಮ ಮೈ ತಾನೇ ಬಿಸಿಯಾಗಿರುತ್ತದೆ. ಈ ಪ್ರಾಣಿಯ ಮೈ ಹಾಗಲ್ಲ, ಹೊರಗಿನ ಶಾಖವನ್ನೇ ನೆಚ್ಚಿಕೊಂಡಿದೆ. ಬೆಚ್ಚಗಾಗಬೇಕಾದರೆ ಬಿಸಿಲಿಗೆ, ತಂಪಾಗಬೇಕಾದರೆ ನೆರಳಿಗೆ ತಾನೇ ನಡೆದು ಹೋಗಬೇಕು. ಮೈ ಕಾಯದಿದ್ದರೆ ತಿಂದದ್ದು ಅರಗುವುದೂ ಇಲ್ಲ. ಆದ್ದರಿಂದ ಶಾಖದ ದೀಪವನ್ನು ಪೆಟ್ಟಿಗೆಯ ಒಂದು ತುದಿಯಲ್ಲಿ ಮಾತ್ರ ಹಾಕಬೇಕು. ಅದರ ಕೆಳಗಿನ ಕಲ್ಲಿನ ಮೇಲೆ ಸುಮಾರು 40 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರ ಆಸುಪಾಸು. ಎರಡು ತುದಿಗೂ ಒಂದೊಂದು ಥರ್ಮಾಮೀಟರ್. ದೋಸೆ ಹೆಂಚಿಗೆ ನೀರು ಚಿಮುಕಿಸಿ ಕಾವು ನೋಡುವ ಕೈ ನಮ್ಮದಾದರೂ ಇಲ್ಲಿ ಕೈಯಂದಾಜು ನಡೆಯುವುದಿಲ್ಲ. ಹಳೆಯ ತೊಟ್ಟಿಯಲ್ಲಿ ಎರಡು ತುದಿಗೂ ಅಂತರವೇ ಇರಲಿಲ್ಲ. ಬಿಸಿಯಾದರೆ ಎಲ್ಲ ಬಿಸಿ, ತಣ್ಣಗಾದರೆ ಎಲ್ಲ ತಣ್ಣಗೆ. ಪಾಪ, ಅದು ಎಲ್ಲಿಗೆ ಹೋದೀತು?

ಆಗ ನನಗೆ ಬೇಲಿ ಗೂಟದ ಮೇಲೆ ಕಂಡ ಆ ಪ್ರಾಣಿ ನೆನಪಾಯಿತು. ಬಿಸಿಲು ಬೇಕೆನಿಸಿದಾಗ ಗೂಟ ಹತ್ತಿತ್ತು, ಸಾಕೆನಿಸಿದಾಗ ಇಳಿದು ನೆರಳಿಗೆ ಹೋಗಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ. ನಾವು ಕಟ್ಟಬೇಕಾದದ್ದು ಅದನ್ನೇ. ಸುಂದರವಾದ ಗಾಜಿನ ಪೆಟ್ಟಿಗೆಯಲ್ಲ, ಅದು ತನಗೆ ಬೇಕಾದ ಕಡೆ ಹೋಗಿ ಕೂರಬಲ್ಲ ಒಂದಿಷ್ಟು ಬೇಲಿ, ಒಂದಿಷ್ಟು ಪೊದೆ.

ಕಾಣದ ಕಿರಣ: ಯುವಿಬಿ ಕೊಳವೆ ದೀಪವನ್ನು ಪೆಟ್ಟಿಗೆಯ ಒಳಗೇ, ಬಿಸಿಯ ತುದಿಯಿಂದ ಅರ್ಧ ಉದ್ದಕ್ಕೂ ಬರುವಂತೆ ಕೂರಿಸಿದೆವು. ನಡುವೆ ಗಾಜಾಗಲಿ ಪ್ಲಾಸ್ಟಿಕ್ ಆಗಲಿ ಇರಬಾರದು. ಪ್ರಾಣಿ ಕೂರುವ ಜಾಗಕ್ಕೂ ದೀಪಕ್ಕೂ ಎಷ್ಟು ದೂರ ಇರಬೇಕೆಂದು ದೀಪದ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನಮ್ಮದಕ್ಕೆ ಒಂದು ಅಡಿ ಇತ್ತು. ದೀಪದ ಬಗೆಗೆ ತಕ್ಕಂತೆ ಆರು ತಿಂಗಳಿಗೋ ವರ್ಷಕ್ಕೋ ಬದಲಾಯಿಸಲೇಬೇಕು, ಉರಿಯುತ್ತಿದ್ದರೂ ಸರಿಯೇ. ಹಾಕಿದ ತಾರೀಖನ್ನು ಪೆಟ್ಟಿಗೆಯ ಪಕ್ಕದಲ್ಲಿ ಬರೆದಿಡಿ. ಉಪ್ಪಿನಕಾಯಿ ಜಾಡಿಗೆ ಚೀಟಿ ಅಂಟಿಸುವವರಿಗೆ ಇದೇನು ಹೊಸದಲ್ಲ.

ಹಗಲು ರಾತ್ರಿ: ಬೇಸಿಗೆಯಲ್ಲಿ 12ರಿಂದ 14 ಗಂಟೆ ಬೆಳಕು, ಚಳಿಗಾಲದಲ್ಲಿ 10 ಗಂಟೆ ಸಾಕು. ರಾತ್ರಿ ಎಲ್ಲ ದೀಪವೂ ಆರಬೇಕು. 18-20 ಡಿಗ್ರಿಗೆ ಇಳಿದರೆ ತೊಂದರೆಯಿಲ್ಲ, ಅದರ ತವರಿನಲ್ಲೂ ರಾತ್ರಿ ತಣ್ಣಗೇ ಇರುತ್ತದೆ. ಬಣ್ಣದ ದೀಪ ಹಾಕಿ ನಿದ್ದೆ ಕೆಡಿಸಬೇಡಿ.

ನೆಲ: ಮರಳು ನೋಡಲು ಚೆಂದ. ಆದರೆ ಹುಳು ಹಿಡಿಯುವಾಗ ಬಾಯಿಗೆ ಹೋಗಿ ಹೊಟ್ಟೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳಬಹುದು, ಅದರಲ್ಲೂ ಮರಿಗಳಿಗೆ, ಕಾಯಿಲೆ ಬಿದ್ದವಕ್ಕೆ. ನಾವು ಒರಟು ಟೈಲ್ಸ್ ಹಾಸಿದೆವು. ಒರೆಸಲು ಸುಲಭ, ಉಗುರೂ ಸವೆಯುತ್ತದೆ. ಕರೆಂಟಿನಿಂದ ಕಾಯುವ ಕಲ್ಲು ಎಂದು ಮಾರುತ್ತಾರೆ, ಹಳೆಯ ತೊಟ್ಟಿಯಲ್ಲಿ ಅದೂ ಇತ್ತು. ಅದನ್ನು ತೆಗೆದೆಸೆದೆವು. ಇವುಗಳಿಗೆ ಶಾಖ ಮೇಲಿನಿಂದ ಬರುವುದೇ ಒಳ್ಳೆಯದು. ಹೊಟ್ಟೆಯ ಕೆಳಗೆ ಸುಡುತ್ತಿದ್ದರೂ ಏಳದೆ ಕೂತು ಬೊಬ್ಬೆ ಬರಿಸಿಕೊಳ್ಳುವುದುಂಟು.

ಊಟ: ಮರಿಗೆ ಹುಳು ಹೆಚ್ಚು, ಸೊಪ್ಪು ಕಡಿಮೆ. ಬೆಳೆದ ಮೇಲೆ ಸೊಪ್ಪು ಹೆಚ್ಚು, ಹುಳು ಕಡಿಮೆ. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳು ಹಾಕಬಾರದು. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು. ಬಾಳೆಕಾಯಿ ಬಜ್ಜಿಗೆ ಹಿಟ್ಟು ಸವರುವ ಕೈ ಈ ಕೆಲಸ ಮಾಡುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ! ಈರುಳ್ಳಿ ಕೂಡ ತಿನ್ನದ ದಿನಗಳಿರುವ ಮನೆಯವಳು ನಾನು, ಮೊದಲ ದಿನ ಇಕ್ಕಳದಲ್ಲಿ ಹುಳು ಹಿಡಿದು ಕಣ್ಣು ಮುಚ್ಚಿಕೊಂಡೆ. ವಾರ ಕಳೆಯುವಷ್ಟರಲ್ಲಿ ಅಭ್ಯಾಸವಾಯಿತು. ತಿಂದು ಉಳಿದ ಹುಳುಗಳನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ, ರಾತ್ರಿ ಅವೇ ಪ್ರಾಣಿಯನ್ನು ಕಚ್ಚುತ್ತವೆ. ತರಕಾರಿಯಲ್ಲಿ ಸಿಹಿಗುಂಬಳದ ತುರಿ, ಎಳೆಯ ಹಸಿರು ಎಲೆ, ದಾಸವಾಳದ ಹೂವು ಆಗುತ್ತದೆ. ಪಾಲಕ್ ಸೊಪ್ಪನ್ನು ದಿನಾ ಕೊಡಬಾರದು, ಅದು ಕ್ಯಾಲ್ಸಿಯಂ ಮೈಗೆ ಹತ್ತಗೊಡುವುದಿಲ್ಲ. ಬೆಣ್ಣೆಹಣ್ಣು ಮುಟ್ಟಿಸಲೇಬಾರದು. ಮಿಣುಕುಹುಳು ಒಂದು ತಿಂದರೂ ಪ್ರಾಣಕ್ಕೇ ಅಪಾಯ.

ಕೈ ತೊಳೆಯುವುದು: ಮುಟ್ಟಿದ ಮೇಲೆ ಸೋಪು ಹಾಕಿ ತೊಳೆಯಲೇಬೇಕು. ಈ ಜಾತಿಯ ಪ್ರಾಣಿಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದರ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳ ಕೈಗೆ, ಬಸುರಿಯರ ಕೈಗೆ ಕೊಡದಿರುವುದೇ ಒಳ್ಳೆಯದು.

ಗೃಹಪ್ರವೇಶ

ಜೂನ್ ಎರಡನೆಯ ವಾರದಲ್ಲಿ ಗಡ್ಡಪ್ಪನ ಗೃಹಪ್ರವೇಶ. ಹಾಲು ಉಕ್ಕಿಸಲಿಲ್ಲ ಅಷ್ಟೇ! ಒಳಗೆ ಬಿಟ್ಟರೆ ಅರ್ಧ ಗಂಟೆ ಮೂಲೆಯಲ್ಲೇ ಇದ್ದ. ಆಮೇಲೆ ತೆವಳುತ್ತಾ ಹೋಗಿ ದೀಪದ ಕೆಳಗಿನ ಕಲ್ಲಿನ ಮೇಲೆ ಮೈ ಚಪ್ಪಟೆ ಮಾಡಿಕೊಂಡು ಬಿದ್ದುಕೊಂಡ. ಕಾವು ಏರಿದಂತೆ ಬಾಯಿ ಅಗಲಿಸಿದ. ನಾನು ಗಾಬರಿಯಾದೆ. "ಅದು ಬಿಸಿ ಸಾಕು ಅಂತ ಬಾಯಿ ತೆಗಿಯೋದು ಅಜ್ಜಿ" ಎಂದ ಮೊಮ್ಮಗ. ಸ್ವಲ್ಪ ಹೊತ್ತಿಗೆ ಇಳಿದು ಗೂಡಿನ ನೆರಳಿಗೆ ಹೋದ. ಗೂಟದ ಮೇಲಿನ ಪ್ರಾಣಿ ಮಾಡಿದ್ದನ್ನೇ ಮಾಡಿದ!

ದಿನಾ ಬೆಳಿಗ್ಗೆ ಔಷಧಿಯ ಹನಿ ಹಾಕುವುದು ನನ್ನ ಪಾಲಿಗೆ ಬಂತು. ಮಕ್ಕಳಿಗೆ ಬಜೆ ತೇದು ನೆಕ್ಕಿಸಿದ ಬೆರಳಲ್ಲವೇ, ಕಷ್ಟವಾಗಲಿಲ್ಲ. ಮೂರು ವಾರಕ್ಕೆ ಬೆರಳ ನಡುಕ ನಿಂತಿತು. ಜುಲೈ ಕೊನೆಗೆ ಹೊಟ್ಟೆ ಎತ್ತಿ ನಡೆದ. ಆಗಸ್ಟಿನಲ್ಲಿ ಒಂದು ದಿನ ಕೊಂಬೆ ಹತ್ತಿ ತುದಿಯಲ್ಲಿ ಕೂತಿದ್ದ. ಹುಡುಗ ಶಾಲೆಯಿಂದ ಬಂದವನು ಚೀಲ ಅಲ್ಲೇ ಬಿಸಾಡಿ ಕುಣಿದಾಡಿಬಿಟ್ಟ. ಬಾಲದ ತುದಿಯ ಸೊಟ್ಟ ಮಾತ್ರ ಹಾಗೇ ಉಳಿಯಿತು. ಬಾಗಿದ ಮೂಳೆ ನೇರವಾಗುವುದಿಲ್ಲವೆಂದು ಡಾಕ್ಟರ್ ಮೊದಲೇ ಹೇಳಿದ್ದರು. ಇರಲಿ, ನಮ್ಮ ತಪ್ಪನ್ನು ನೆನಪಿಸಲು ಅಷ್ಟಾದರೂ ಇರಬೇಕು.

ಸೆಪ್ಟೆಂಬರಿನಲ್ಲಿ ಹೊರಡುವ ಹಿಂದಿನ ದಿನ ಮೊಮ್ಮಗ ಆ ಹಾಳೆಯಲ್ಲಿದ್ದುದನ್ನೆಲ್ಲ ತನ್ನ ಸೊಟ್ಟ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿದ. ಕೆಳಗೆ ದೀಪ ಬದಲಾಯಿಸುವ ತಾರೀಖು. ವರ್ಷಕ್ಕೊಮ್ಮೆ ಆ ತಾರೀಖು ಬಂದಾಗ ನಾನು ಇಲ್ಲಿಂದ ಫೋನು ಮಾಡಿ ನೆನಪಿಸುತ್ತೇನೆ. ಇಲ್ಲಿಯವರೆಗೆ ಒಂದು ಸಲವೂ ಅವನು ಮರೆತಿಲ್ಲ.

ನಿಮ್ಮ ಮನೆಯ ಮಾತು

"ಇದೆಲ್ಲ ನಮಗೇಕೆ? ನಾವೇನು ಓತಿಕ್ಯಾತ ಸಾಕುತ್ತೇವೆಯೇ?" ಎಂದು ನೀವು ಕೇಳಬಹುದು. ಬೇಡವೇ ಬೇಡ. ನಮ್ಮ ಬೇಲಿಯ ಓತಿಕ್ಯಾತ ಬೇಲಿಯಲ್ಲೇ ಚೆನ್ನ. ಮಕ್ಕಳು ಅದಕ್ಕೆ ಕಲ್ಲು ಹೊಡೆಯುವುದನ್ನು, ದಾರ ಕಟ್ಟಿ ಎಳೆಯುವುದನ್ನು ಕಂಡರೆ ಬಿಡಿಸಿ. ಉಡ, ನಕ್ಷತ್ರ ಆಮೆ, ನಮ್ಮ ಕಾಡಿನ ಗಿಳಿ ಇವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪಂಜರದ ಗಿಳಿ ಎಷ್ಟೇ ಮುದ್ದಾಗಿ ಮಾತಾಡಿದರೂ ಅಷ್ಟೇ.

ಆದರೆ ನಾಯಿಯೋ ಬೆಕ್ಕೋ ಹಸುವೋ ನಿಮ್ಮ ಮನೆಯಲ್ಲೂ ಇರುತ್ತದೆ. ಹೊರದೇಶದಲ್ಲಿರುವ ಮೊಮ್ಮಕ್ಕಳು ನಾಳೆ ಫೋನಿನಲ್ಲಿ ಇಂಥದೇ ಒಂದು ಪ್ರಾಣಿಯನ್ನು ತೋರಿಸಬಹುದು. ಆಗ "ಛೀ, ಥೂ" ಎನ್ನಬೇಡಿ. "ದೀಪಕ್ಕೆ ಎಷ್ಟು ವಯಸ್ಸಾಯಿತು? ನೆರಳಿಗೆ ಜಾಗ ಇದೆಯಾ?" ಎಂದು ಕೇಳಿ. ಮಗು ಬೆರಗಾಗಿ ನಿಮ್ಮ ಮುಖ ನೋಡದಿದ್ದರೆ ಹೇಳಿ!

ಬಾಯಿಲ್ಲದ ಜೀವ ತನ್ನ ಕಷ್ಟವನ್ನು ಹೇಳಿಕೊಳ್ಳುವುದಿಲ್ಲ, ಕೈಕಾಲಿನಲ್ಲಿ ತೋರಿಸುತ್ತದೆ. ನಮಗೆ ಮುದ್ದಾಗಿ ಕಂಡದ್ದು ಅದಕ್ಕೆ ನೋವಾಗಿರಬಹುದು. ನನ್ನಂತೆ ತಿಂಗಳು ಕಳೆದ ಮೇಲೆ ತಿಳಿಯುವುದಕ್ಕಿಂತ ಮೊದಲೇ ಒಂದು ಸಲ ಹತ್ತಿರ ಕೂತು ನೋಡುವುದು ಮೇಲು. ಏನಂತೀರಿ?